ಕಟ್ಟಿಗೆ ಹಾಜರಿ

ಶುಕ್ರವಾರ ನಮ್ಮ ಶಾಲೆಯಲ್ಲಿ ಎರಡು ಹಾಜರಿ.
ಮೊದಲು ಹೆಸರಿಗೆ, ಆಮೇಲೆ ಕಟ್ಟಿಗೆಗೆ.
'ಅಪೊಂಡಿ?' 'ಇದ್ದೇನೆ.'
'ಕಟ್ಟಿಗೆ?' 'ಅದೂ ಇದೆ.'
ಮೊಳದುದ್ದ ಇರಬೇಕು, ಹೆಬ್ಬೆರಳಿಗಿಂತ ದಪ್ಪ,
ಒಣಗಿರಬೇಕು. ತರದವರು ಗಂಟೆಕಂಬದ ಬಳಿ ನಿಂತು
ಬೇಯುವ ನ್ಯೋಯೊದ ಘಮವನ್ನಷ್ಟೇ ಉಣ್ಣಬೇಕು.
ಮೆಕ್ಕೆಜೋಳ, ಬೀನ್ಸ್ ಕಾಳು, ಒಂದಿಷ್ಟು ಉಪ್ಪು,
ಲೋಲ್ವೆ ಸರೋವರದ ಕಡೆಯಿಂದ ಬಂದ ಗಾಳಿ.

ಲೆಕ್ಕ ಬರೆಯುವವನು ನಾನು, ಆರನೆಯ ತರಗತಿಯ ಒಗೋಲ.
ಮುನ್ನೂರ ಹನ್ನೆರಡು ಮಕ್ಕಳು,
ಮುನ್ನೂರ ಹನ್ನೆರಡು ಕೋಲು.
ಈ ಗಣಿತ ಗುಡ್ಡಕ್ಕೆ ಗೊತ್ತಿತ್ತು,
ಬರೆಯುತ್ತಿದ್ದ ನನಗೆ ಹೊಳೆದಿರಲಿಲ್ಲ.

ಏಪ್ರಿಲ್ ಮಳೆಗೆ ಗಿಡ ನೆಡುವ ಸಡಗರ.
ಭಾಷಣ, ಎಲ್ಲರಿಗೂ ಅರ್ಧರ್ಧ ಸೋಡಾ,
ಪ್ರತಿ ಗಿಡದ ಕೊರಳಿಗೆ ತಂತಿಯಲ್ಲಿ
ನೆಟ್ಟವರ ಹೆಸರಿನ ತಗಡು.
ನನ್ನದು ಸಿಯಾಲ. ಮೂರು ವರ್ಷಕ್ಕೆ
ನನ್ನ ಭುಜ ದಾಟಿತ್ತು,
ಹಳದಿ ಹೂ ಬಿಡುವಷ್ಟು ದೊಡ್ಡದಾಗಿರಲಿಲ್ಲ.

ಒಂದು ಶುಕ್ರವಾರ ಬೆಳಕು ಹರಿಯುವ ಮುನ್ನ
ಗುಡ್ಡವನ್ನೆಲ್ಲ ತಡಕಿದೆ. ಮುಳ್ಳುಪೊದೆಯ ಬೇರನ್ನೂ
ನನಗಿಂತ ಮೊದಲು ಯಾರೋ ಅಗೆದಿದ್ದರು.
ಕೈಯಲ್ಲಿ ಅಜ್ಜಿಯ ಮಚ್ಚು. ಎದುರಿಗೆ ಅದು.
ಹಸಿ ಕೋಲನ್ನು ರಾಶಿಯ ಅಡಿಗೆ ತಳ್ಳಿ
ನನ್ನ ಹೆಸರಿನ ಮುಂದೆ ನಾನೇ ಗುರುತು ಹಾಕಿಕೊಂಡೆ.
ತಂತಿ ಬಿಚ್ಚಲು ಮರೆತೆ.

ಸೋಮವಾರ ಬೂದಿ ಗೋರುತ್ತಿದ್ದ ಅಡುಗೆಯ ರಿಸ್ಪಾಗೆ
ತಗಡು ಸಿಕ್ಕಿತು. ಮಿಲ್ಕಾ ಟೀಚರ್ ಕರೆಸಿದರು.
ಹೊಡೆಯುತ್ತಾರೆಂದು ಅಂಗೈ ಚಾಚಿಕೊಂಡೇ ಹೋದೆ.
ತಗಡನ್ನು ಮೇಜಿನ ಮೇಲಿಟ್ಟು
ಬಹಳ ಹೊತ್ತು ನೋಡಿದರು.
'ಗಿಡ ನೆಡಿ ಅಂದವಳೂ ನಾನೇ,
ಕೋಲು ತನ್ನಿ ಅಂದವಳೂ ನಾನೇ' ಎಂದರು,
ನನಗಲ್ಲ, ಕಿಟಕಿಗೆ.

ಡಿಸೆಂಬರ್ ರಜೆಯಲ್ಲಿ ಕಕ್ಕಸಿನ ಹಿಂದೆ ಗುಂಡಿ ತೋಡಿದರು.
ಇಟ್ಟಿಗೆಯ ಗುಮ್ಮಟ, ಆಮೆಯೊಂದನ್ನು
ಜೀವಂತ ಹೂತಿಟ್ಟ ಹಾಗೆ;
ಅದರ ಬೆನ್ನಿನಿಂದ ಅಡುಗೆಮನೆಯ ತನಕ ಕೊಳವೆ.
ಅನಿಲಕ್ಕಿಂತ ಮೊದಲು ಸುದ್ದಿ ಹರಿಯಿತು.
'ನಮ್ಮದನ್ನು ನಮಗೇ ಬಡಿಸ್ತಾರೆ!'
ಅಪೊಂಡಿ ಮೂಗು ಹಿಡಿದಳು,
ಹಿಂದೆಯೇ ಮುನ್ನೂರು ಮೂಗು.

ರಿಸ್ಪಾ ಹೊರಗೆ ಬಂದಳು.
ಇಪ್ಪತ್ತೆರಡು ವರ್ಷ ಹೊಗೆಯುಂಡ ಕಣ್ಣು.
ನಡುಅಂಗಳದಲ್ಲಿ ಕೂತು ಒಂದು ತಟ್ಟೆ
ಪೂರ್ತಿ ಉಂಡು, ಬೆರಳು ನೆಕ್ಕಿ,
'ಉಪ್ಪು ಸ್ವಲ್ಪ ಕಮ್ಮಿ' ಎಂದಳು.
ನಕ್ಕೆವು. ಉಣ್ಣಲಿಲ್ಲ.
ಮೂರನೆಯ ದಿನಕ್ಕೆ ಹಸಿವು ಗೆದ್ದಿತು.

ಎಲ್ಲ ಸರಿಹೋಯಿತು ಅನ್ನಲಾರೆ.
ರಜೆ ಮುಗಿದ ವಾರ ಆಮೆಯ ಹೊಟ್ಟೆ ಖಾಲಿ,
ನೀಲಿ ಜ್ವಾಲೆ ಹಲ್ಲಿಯ ನಾಲಗೆಯಷ್ಟು.
ಪ್ರಾರ್ಥನೆಯ ಸಾಲಿನ ಮುಂದೆ ಟೀಚರ್
ಗಂಟಲು ಸರಿಮಾಡಿಕೊಂಡು ಹೇಳಿದರು:
'ಮಕ್ಕಳೇ, ಸಾಧ್ಯವಾದರೆ
ಮನೆಯಲ್ಲಿ ಮುಗಿಸದೆ ಶಾಲೆಗೇ ತನ್ನಿ.'
ಅಂದು ನಕ್ಕ ನಗುವಿಗೆ
ತಗಡಿನ ಮಾಡಿನ ಕಾಗೆಗಳೆಲ್ಲ ಎದ್ದು ಹೋದವು.

ಮನೆಯಲ್ಲಿ ಅಜ್ಜಿಯ ಒಲೆ ಇನ್ನೂ ಮೂರು ಕಲ್ಲು.
ಸಂಜೆ ನೆಲ ನೋಡುತ್ತಲೇ ನಡೆಯುತ್ತೇನೆ,
ಪುರಳೆ ಕಂಡರೆ ಬಗ್ಗುತ್ತೇನೆ.
ಶಾಲೆಯ ಕತೆ ಹೇಳಿದರೆ ಅವಳು
ಕೆಮ್ಮಿನ ನಡುವೆ, 'ಸುಳ್ಳಿಗೂ
ಒಂದು ವಾಸನೆ ಇರುತ್ತದೆ, ಮಗಾ' ಅನ್ನುತ್ತಾಳೆ.

ಸುಟ್ಟ ತಗಡನ್ನು ರಿಸ್ಪಾ
ಕೊಳವೆಯ ಕೀಲಿಗೆ ಕಟ್ಟಿದ್ದಾಳೆ.
ನನ್ನ ಹೆಸರಿನ ಬಣ್ಣವೆಲ್ಲ ಉದುರಿ
ದುಂಡನೆಯ ಇಂಗ್ಲಿಷ್ ಓ ಒಂದೇ ಉಳಿದಿದೆ.
ಹೊಸ ಮಕ್ಕಳು ಅದನ್ನು 'ಓಪನ್' ಎಂದು ಓದುತ್ತಾರೆ.
ನಾನು ತಿದ್ದಲು ಹೋಗಿಲ್ಲ.